ಒಂದು ಹಲ್ಲಿನ ವ್ಯತ್ಯಾಸ

"ಸಾ, ಗೇರ್ ಇಳಿಸ್ಕಳಿ. ಮಂಡಿ ಓಯ್ತದೆ."

ಬೆನ್ನ ಹಿಂದಿನಿಂದ ಬಂದ ಹೆಣ್ಣು ದನಿ. ಮದ್ದೂರಿನಿಂದ ಹೊರಟು ಕೆ.ಎಂ.ದೊಡ್ಡಿ ದಾಟಿ ಮಳವಳ್ಳಿ ಕಡೆಗೆ ಹೋಗುವಾಗ ಒಂದು ಏರು ಸಿಗುತ್ತದೆ. ಕಾರಿನಲ್ಲಿ ಹೋಗುವವರಿಗೆ ಅದು ಏರು ಎಂದೇ ಗೊತ್ತಾಗುವುದಿಲ್ಲ. ಸೈಕಲ್ಲಿನವನಿಗೆ ಚೆನ್ನಾಗಿ ಗೊತ್ತಾಗುತ್ತದೆ. ಆ ಭಾನುವಾರ ಬೆಳಿಗ್ಗೆ ನಾನು ನನ್ನ ಇಪ್ಪತ್ತೊಂದು ಗೇರಿನ ಸೈಕಲ್ಲಿನಲ್ಲಿ, ಇರುವುದರಲ್ಲೇ ಅತಿ ಭಾರದ ಗೇರು ಹಾಕಿಕೊಂಡು ತುಳಿಯುತ್ತಿದ್ದೆ. ಭಾರದ ಗೇರನ್ನು ತುಳಿಯುವುದೇ ಗಂಡಸುತನ ಎಂದು ಐವತ್ತೊಂದನೆಯ ವಯಸ್ಸಿನಲ್ಲೂ ನಂಬಿದ್ದವನು ನಾನು. (ಪೂರ್ತಿ ನನ್ನ ತಪ್ಪಲ್ಲ. ಸೈಕಲ್ ಮಾರಿದವನೂ ಹಾಗೇ ಹೇಳಿದ್ದ.)

ಯಾರು ಎಂದು ತಿರುಗುವಷ್ಟರಲ್ಲಿ ಅವರು ನನ್ನನ್ನು ದಾಟಿಯಾಗಿತ್ತು. ಒಂದೇ ಸೈಕಲ್ಲು, ಇಬ್ಬರು ಹೆಂಗಸರು. ಒಬ್ಬರ ಹಿಂದೆ ಒಬ್ಬರು ಕೂತು, ಇಬ್ಬರೂ ಪೆಡಲ್ ತುಳಿಯುವ ಉದ್ದನೆಯ ಟ್ಯಾಂಡೆಮ್ ಸೈಕಲ್ಲು. ನಾಲ್ಕು ಕಾಲುಗಳು ಹೊಲಿಗೆ ಮೆಷಿನ್ನಿನ ಸೂಜಿಯಂತೆ ಒಂದೇ ಸಮನೆ ಓಡುತ್ತಿದ್ದವು. ಸೊಂಟದ ಮೇಲಿನ ಭಾಗ ಮಾತ್ರ ಮನೆಯ ಜಗಲಿಯಲ್ಲಿ ಕೂತಷ್ಟು ನಿಶ್ಚಲ.

ಅವಮಾನವಾಯಿತೇ? ಆಯಿತು. ಅಟ್ಟಿಸಿಕೊಂಡು ಹೋದೆನೇ? ಹೋದೆ. ಸಿಕ್ಕರೇ? ಎಲ್ಲಿ ಸಿಗುತ್ತಾರೆ. ಮುಂದೆ ಒಂದು ಟೀ ಅಂಗಡಿಯ ಮುಂದೆ ಅವರಾಗಿಯೇ ನಿಂತಿದ್ದರಿಂದ ಭೇಟಿಯಾಯಿತು.

ಏದುಸಿರು ಬಿಡುತ್ತಲೇ ಹಿಂದಿನ ಸೀಟಿನವಳನ್ನು ಕೇಳಿದೆ. "ನಾನು ಯಾವ ಗೇರಲ್ಲಿದ್ದೆ ಅಂತ ಅಷ್ಟು ದೂರದಿಂದ ಹೇಗೆ ನೋಡಿದ್ರಿ?"

"ನೋಡ್ನಿಲ್ಲ ಸಾ. ಕೇಳುಸ್ತು. ನಿಮ್ದು ಒಂದು ತುಳಿತಕ್ಕೂ ಇನ್ನೊಂದು ತುಳಿತಕ್ಕೂ ಮಧ್ಯ ಇಲ್ಲಿಗ್ ಬಂದು ಟೀ ಕುಡ್ಕಂಡು ಓಗ್ಬೋದಿತ್ತು."

ಅಂಗಡಿಯವ ಟೀ ಲೋಟ ಚಾಚಿದ. ಅವಳ ಕೈ ಲೋಟದ ಕಡೆ ಹೋಗಲಿಲ್ಲ. ಜೊತೆಯವಳು ಲೋಟವನ್ನು ತೆಗೆದುಕೊಂಡು ಅವಳ ಬೆರಳುಗಳ ನಡುವೆ ಇಟ್ಟಳು. ಆಗ ಗೊತ್ತಾಯಿತು. ನೋಡ್ನಿಲ್ಲ ಎಂದದ್ದು ಮಾತಿಗೆ ಅಂದದ್ದಲ್ಲ.

ಅವಳ ಹೆಸರು ನಾಗವೇಣಿ. ವಯಸ್ಸು ಇಪ್ಪತ್ತೇಳು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತು. ಊರು ಬಂಡೂರು. ಮದ್ದೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಫೋನ್ ತೆಗೆಯುವ ಕೆಲಸ. ಮುಂದಿನ ಸೀಟಿನವಳು ಸುಜಾತ, ನಾಗವೇಣಿಯ ಅಣ್ಣನ ಹೆಂಡತಿ. ಗೆಜ್ಜಲಗೆರೆಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಯುತ್ತಾಳೆ. ಕೆಲಸಕ್ಕಾಗಿ ಅಣ್ಣ, ಅತ್ತಿಗೆ, ನಾಗವೇಣಿ ಮೂವರೂ ಮದ್ದೂರಿನಲ್ಲೇ ಮನೆ ಮಾಡಿದ್ದಾರೆ. ಭಾನುವಾರ ಬಂತೆಂದರೆ ಅತ್ತಿಗೆ ನಾದಿನಿ ಇಬ್ಬರೂ ಈ ಸೈಕಲ್ ಏರಿ ಬಂಡೂರಿಗೆ ಹೋಗಿ, ಅಮ್ಮನ ಕೈಯ ಊಟ ಮಾಡಿ, ಸಂಜೆ ಮತ್ತೆ ತುಳಿದುಕೊಂಡು ವಾಪಸ್ಸು.

ಶೋಕಿಗೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಇಬ್ಬರೂ ಟ್ರ್ಯಾಕ್ ಸೈಕ್ಲಿಂಗ್ ಸ್ಪರ್ಧಿಗಳು. ಕಣ್ಣು ಕಾಣದವರ ವಿಭಾಗದಲ್ಲಿ ಮುಂದೆ ಕಣ್ಣಿರುವವರು ಕೂತು ಹ್ಯಾಂಡಲ್ ಹಿಡಿಯುತ್ತಾರೆ. ಹಿಂದೆ ಕಣ್ಣಿಲ್ಲದವರು ತುಳಿಯುತ್ತಾರೆ. ಇವರನ್ನು ತಯಾರು ಮಾಡುತ್ತಿರುವವರು ಮದ್ದೂರಿನ ನಿವೃತ್ತ ಪಿ.ಟಿ. ಮೇಷ್ಟ್ರು ಪುಟ್ಟಸ್ವಾಮಿ. ಆ ಸೈಕಲ್ಲನ್ನು ಎಲ್ಲಿಂದಲೋ ಸೆಕೆಂಡ್ ಹ್ಯಾಂಡ್ ತಂದು ರಿಪೇರಿ ಮಾಡಿದವರೂ ಅವರೇ.

ಮರುವಾರವೇ ನಾನು ಮಂಡ್ಯದಿಂದ ಮೇಷ್ಟ್ರ ಮನೆಗೆ ಹಾಜರ್. (ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಪಾಠ ಕೇಳುವ ಚಪಲ ಬಂದರೆ ತಡೆಯುವವರಿಲ್ಲ.) ಅಲ್ಲಿ ನನಗೆ ಮೊದಲ ಆಘಾತವಾಯಿತು. ಆ ಸೈಕಲ್ಲಿಗೆ ಇರುವುದು ಒಂದೇ ಗೇರು. ಟ್ರ್ಯಾಕ್ ಮೇಲೆ ಓಡುವಾಗ ಬ್ರೇಕೂ ಇರುವುದಿಲ್ಲ. ರಸ್ತೆಗೆ ಇಳಿಯುವಾಗ ಮಾತ್ರ ಮೇಷ್ಟ್ರು ಬ್ರೇಕ್ ಕಟ್ಟಿಕೊಡುತ್ತಾರೆ.

"ಒಂದೇ ಗೇರಾದ್ರೆ ಅದರಲ್ಲಿ ಆರಿಸೋದೇನು ಬಂತು ಮೇಷ್ಟ್ರೇ?"

"ಅದ್ಕೇ ಆರ್ಸೋದು ಕಷ್ಟ," ಎಂದರು ಮೇಷ್ಟ್ರು. "ನಿಮ್ಗೆ ಇಪ್ಪತ್ತೊಂದವೆ. ತಪ್ಪಾದ್ರೆ ಬದಲಾಯಿಸ್ಕತೀರಿ. ಇವರು ಬೆಳಿಗ್ಗೆ ಒಂದು ಆಕ್ಕಂಡು ಓದ್ರೆ ಮುಗೀತು. ರೇಸ್ ಮುಗಿಯೋಗಂಟ ಅದ್ರ ಜೊತೆ ಸಂಸಾರ ಮಾಡ್ಬೇಕು."

ಮೇಜಿನ ಮೇಲೆ ಎರಡು ಪುಟ್ಟ ಹಲ್ಲಿನ ಚಕ್ರಗಳನ್ನು ಇಟ್ಟರು. ಹಿಂದಿನ ಗಾಲಿಗೆ ಸಿಕ್ಕಿಸುವಂಥವು. ಒಂದಕ್ಕೆ ಹದಿನಾಲ್ಕು ಹಲ್ಲು, ಇನ್ನೊಂದಕ್ಕೆ ಹದಿನೈದು. ಅಂಗೈಯಲ್ಲಿಟ್ಟುಕೊಂಡರೆ ಯಾವುದು ಯಾವುದು ಎಂದು ನನಗೆ ತಿಳಿಯಲಿಲ್ಲ. ನಾಗವೇಣಿ ಬೆರಳು ಸೋಕಿಸಿ ಬೇರೆ ಬೇರೆ ಇಟ್ಟಳು.

ಹದಿನಾಲ್ಕು ಭಾರದ್ದು. ಒಂದು ಸುತ್ತು ತುಳಿದರೆ ಒಂದೂವರೆ ಅಡಿಯಷ್ಟು ಹೆಚ್ಚು ಮುಂದೆ ಹೋಗುತ್ತದೆ. ಆದರೆ ನಿಂತಲ್ಲಿಂದ ಎಬ್ಬಿಸಬೇಕಾದರೆ ತೊಡೆಯಲ್ಲಿ ಕಸುವಿರಬೇಕು. ಹದಿನೈದು ಹಗುರ. ಚಂಗನೆ ಏಳುತ್ತದೆ. ಆದರೆ ಅದೇ ವೇಗಕ್ಕೆ ಕಾಲು ಹೆಚ್ಚು ತಿರುಗಬೇಕು. ಒಂದು ಕಿಲೋಮೀಟರಿಗೆ ಹತ್ತು ಸುತ್ತು ಜಾಸ್ತಿ. ಕಾಲು ನಿಮಿಷಕ್ಕೆ ಎಷ್ಟು ಸಲ ತಿರುಗುತ್ತದೆ ಎನ್ನುವುದಕ್ಕೆ ಕೇಡೆನ್ಸ್ ಎನ್ನುತ್ತಾರೆ. ಏರಿನಲ್ಲಿ ನನ್ನದು ನಲವತ್ತೈದಂತೆ. ಅವರದು ಟ್ರ್ಯಾಕ್ ಮೇಲೆ ನೂರಿಪ್ಪತ್ತು. ಅಂದರೆ ಒಂದು ಸೆಕೆಂಡಿಗೆ ಎರಡು ಸುತ್ತು. ಕೂತಲ್ಲೇ ಒಮ್ಮೆ ಕಾಲು ಆಡಿಸಿ ನೋಡಿ, ಗೊತ್ತಾಗುತ್ತದೆ.

ಹಿಂದಿನ ವರ್ಷ ದೇಶದ ತಂಡದ ಆಯ್ಕೆ ಪಂದ್ಯದಲ್ಲಿ ಇವರು ಹದಿನೈದು ಹಾಕಿ, ಕೊನೆಯ ಸುತ್ತಿನಲ್ಲಿ ಅಷ್ಟು ವೇಗವಾಗಿ ಕಾಲು ತಿರುಗಿಸಲಾಗದೆ ಸೋತಿದ್ದರು. ಆ ಸೋಲು ತನ್ನಿಂದಲೇ ಆದದ್ದು ಎಂದು ಸುಜಾತ ಗಟ್ಟಿಯಾಗಿ ನಂಬಿದ್ದಳು. ಈ ಸಲ ಹದಿನಾಲ್ಕು ಎಂದು ಅವಳೇ ಹಟ ಹಿಡಿದಿದ್ದಳು. ಮೇಷ್ಟ್ರೂ ಒಪ್ಪಿದ್ದರು.

ಆಯ್ಕೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಸುಜಾತಳಿಗೆ ಜ್ವರ ಹಿಡಿಯಿತು. ಹತ್ತು ದಿನವಾದರೂ ಏಳಲಿಲ್ಲ. ಒಂದು ಬೆಳಿಗ್ಗೆ ಮೇಷ್ಟ್ರ ಫೋನು. "ಮುಂದೆ ಕೂತ್ಕಂಡು ಹ್ಯಾಂಡ್ಲು ಹಿಡಿಯೋಕೆ ಒಬ್ರು ಬೇಕು. ನನ್ ಮಂಡಿ ಆಪ್ರೇಷನ್ ಆಗ್ಯದೆ. ಪ್ರಾಕ್ಟೀಸ್ ನಿಂತ್ರೆ ಉಡ್ಗಿ ಕಾಲು ತಣ್ಗಾಯ್ತದೆ. ನೀವು ಬತ್ತೀರಾ?"

ಬರುತ್ತೀರಾ ಎಂದರೆ? ನನ್ನ ಎದೆ ಒಂದು ಇಂಚು ಅಗಲವಾಯಿತು.

ಮೊದಲ ದಿನವೇ ಅದು ಎರಡು ಇಂಚು ಕುಗ್ಗಿತು. ಮದ್ದೂರು ದಾಟಿ ಒಂದು ಇಳಿಜಾರು. ಇಳಿಜಾರಿನಲ್ಲಿ ಎಲ್ಲರೂ ಏನು ಮಾಡುತ್ತಾರೆ? ತುಳಿಯುವುದನ್ನು ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಿದೆ. ಪೆಡಲ್ ನನ್ನ ಕಾಲನ್ನು ಹಿಡಿದು ಎತ್ತಿ ಕೊಡವಿತು. ಸೊಂಟ ಚುಳುಕ್ ಎಂದಿತು. ಟ್ರ್ಯಾಕ್ ಸೈಕಲ್ಲಿನಲ್ಲಿ ಗಾಲಿ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಸುಮ್ಮನೆ ಕೂತು ಉರುಳಿಸಿಕೊಂಡು ಹೋಗುವ ಅನುಕೂಲವೇ ಅದಕ್ಕಿಲ್ಲ. ಮುಂದಿನ ಪೆಡಲಿಗೂ ಹಿಂದಿನ ಪೆಡಲಿಗೂ ಚೈನಿನ ಸಂಬಂಧ. ಒಬ್ಬರು ತಡೆದರೆ ಇನ್ನೊಬ್ಬರ ಕಾಲಿಗೆ ಏಟು.

"ಕಾಲು ನಿಲ್ಲಿಸ್ಬೇಡಿ ಸಾ," ಎಂದಳು ನಾಗವೇಣಿ, ಏನೂ ಆಗಿಲ್ಲವೆಂಬಂತೆ. "ಅದು ತಿರುಗ್ತದೆ. ನೀವು ಬುಟ್ಬುಡಿ."

ಬಿಟ್ಟುಬಿಡುವುದನ್ನು ಕಲಿಯಲು ನನಗೆ ಮೂರು ದಿನ ಹಿಡಿಯಿತು.

ನಾಲ್ಕನೆಯ ದಿನದಿಂದ ನನಗೆ ಆಶ್ಚರ್ಯಗಳು ಶುರುವಾದವು. ಕೇಡೆನ್ಸ್ ತೋರಿಸುವ ಪುಟ್ಟ ಮೀಟರು ನನ್ನ ಹ್ಯಾಂಡಲ್ ಮೇಲಿತ್ತು. ಅವಳಿಗೆ ಅದು ಕಾಣುವುದಿಲ್ಲ, ಕೇಳುವುದೂ ಇಲ್ಲ. "ಎಂಬತ್ತೆಂಟು," ಎನ್ನುತ್ತಿದ್ದಳು. ಮೀಟರ್ ನೋಡಿದರೆ ಎಂಬತ್ತೆಂಟು. "ಈಗ ತೊಂಬತ್ತಾರು." ತೊಂಬತ್ತಾರು. ಒಮ್ಮೆ ಮಾತ್ರ ನೂರು ಎಂದಳು, ಮೀಟರು ನೂರೆರಡು ತೋರಿಸಿತು. ನಾನು ಹೇಳಿದೆ. ಆ ಎರಡರ ಚಿಂತೆಯಲ್ಲಿ ಅವಳು ಕೆ.ಎಂ.ದೊಡ್ಡಿಯವರೆಗೆ ಮಾತೇ ಆಡಲಿಲ್ಲ.

"ಈಗ ಎಡಗಡೆ ಏನೋ ನೋಡಿದ್ರಿ ಸಾ."

ಹೌದು, ಕಬ್ಬಿನ ಲಾರಿಯನ್ನು ನೋಡಿದ್ದೆ. "ನಿಮಗೆ ಹೇಗೆ ಗೊತ್ತು?"

"ಬಲಗಾಲು ಅರ್ಧ ಗಳಿಗೆ ಮರ್ತೋಯ್ತು."

ಮತ್ತೊಂದು ದಿನ ಇದ್ದಕ್ಕಿದ್ದಂತೆ ಕೇಳಿದಳು. "ಎಡಗಾಲು ಮುರ್ಕಂಡಿದ್ರಾ ಸಾ ಯಾವಾಗಾದ್ರೂ?"

ಕಾಲೇಜು ಓದುವಾಗ ಸ್ಕೂಟರಿನಿಂದ ಬಿದ್ದು ಎಡ ಹಿಮ್ಮಡಿಯ ಮೇಲಿನ ಮೂಳೆ ಮುರಿದಿತ್ತು. ಯಾವ ಡಾಕ್ಟರೂ ಈಗ ಅದನ್ನು ಗುರುತಿಸುವುದಿಲ್ಲ. ನಡಿಗೆಯಲ್ಲಿ ಗೊತ್ತಾಗುವುದಿಲ್ಲ. ನಾನೇ ಮರೆತಿದ್ದೆ. ಅವಳಿಗೆ ಪೆಡಲಿನಿಂದ ತಿಳಿದಿತ್ತು. "ಕೆಳಕ್ಕೆ ಬಂದಾಗ ಎಡಗಾಲು ಒಂಚೂರು ಹೆದರ್ಕತದೆ," ಎಂದಳು.

ಮೂವತ್ತು ವರ್ಷದಿಂದ ನಾನೂ ಮನುಷ್ಯರನ್ನು ನೋಡಿಕೊಂಡು ಬರೆಯುವವನು. ಒಬ್ಬನ ಹೆಜ್ಜೆಯ ಹೆದರಿಕೆಯನ್ನು ಇಷ್ಟು ಹತ್ತಿರದಿಂದ ಓದಿದವರನ್ನು ನಾನು ಕಂಡಿರಲಿಲ್ಲ.

ಸುಜಾತ ಎದ್ದು ಬಂದಳು. ತೆಳ್ಳಗಾಗಿದ್ದಳು. ಆದರೂ ಮೊದಲ ದಿನವೇ ಪ್ರಾಕ್ಟೀಸ್ ಮುಗಿಸಿ, "ನಂಗೇನೂ ಆಗಿಲ್ಲ ಮೇಷ್ಟ್ರೇ, ಅದ್ನಾಲ್ಕೇ ಇರ್ಲಿ," ಎಂದಳು. ಅಷ್ಟು ಹೇಳಿ ಶಿಫ್ಟಿಗೆ ಹೊತ್ತಾಯಿತೆಂದು ಗೆಜ್ಜಲಗೆರೆ ಬಸ್ಸಿಗೆ ಓಡಿದಳು.

ಅವಳು ಅತ್ತ ಹೋದ ಮೇಲೆ ಮೇಷ್ಟ್ರು ಬಾಗಿಲು ಮುಂದೆ ಮಾಡಿಕೊಂಡು ಮೆಲ್ಲಗೆ ಹೇಳಿದರು. "ನಾಗ, ಬೆಂಗ್ಳೂರಲ್ಲಿ ಒಂದು ಉಡ್ಗಿ ಅವ್ಳೆ. ಒಳ್ಳೆ ಕಸುವು. ಅವಳ ಹಿಂದೆ ಕೂರೋರು ಕೈ ಕೊಟ್ಟವ್ರೆ. ಅವಳನ್ನ ಕರಸ್ತೀನಿ. ಅದ್ನಾಲ್ಕು ಆರಾಮಾಗಿ ಎಳಿತೀರಿ. ಸುಜಾತಂಗೆ ನಾನ್ ಏಳ್ತೀನಿ."

ನಾನು ಅಲ್ಲಿಂದ ಎದ್ದು ಹೋಗಬೇಕಿತ್ತು. ಹೋಗಲಿಲ್ಲ.

ನಾಗವೇಣಿ ಮೇಜಿನ ಮೇಲಿನ ಎರಡು ಚಕ್ರಗಳನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ತುಂಬ ಹೊತ್ತು ಹಲ್ಲುಗಳ ಮೇಲೆ ಬೆರಳಾಡಿಸಿದಳು. ಈ ಆಯ್ಕೆಗಾಗಿ ಅವಳು ವರ್ಷಪೂರ್ತಿ ತುಳಿದಿದ್ದಳು. ಕಚೇರಿ ಮುಗಿಸಿ ಬಂದು, ಮೇಷ್ಟ್ರ ಮನೆಯಲ್ಲಿ ಸ್ಟ್ಯಾಂಡಿಗೆ ಕಟ್ಟಿದ ಸೈಕಲ್ ಮೇಲೆ ಒಬ್ಬಳೇ ಕೂತು, ಕಾಲು ಬರೀ ವೇಗವಾಗಿ ತಿರುಗಿಸುವ ಅಭ್ಯಾಸ ಮಾಡಿದ್ದಳು. ಒಳ್ಳೆಯ ಜೊತೆ ಸಿಕ್ಕರೆ ತಂಡದಲ್ಲಿ ಜಾಗ ಖಂಡಿತ. ಅದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

"ಅತ್ಗೆ ಸೋತವ್ಳೆ ಮೇಷ್ಟ್ರೇ," ಎಂದಳು ಕೊನೆಗೆ. "ಇವತ್ತು ತುಳಿವಾಗ್ಲೇ ಗೊತ್ತಾಯ್ತು. ಮೊದ್ಲಿನ ಅರ್ಧ ಕೂಡ ಇಲ್ಲ. ಅದ್ನಾಲ್ಕು ಅವಳ ಕೈಲಾಗಲ್ಲ."

"ಅದ್ಕೇ ನಾನೇಳಿದ್ದು."

"ಹೊಸಬ್ರ ಹಿಂದೆ ನೂರಿಪ್ಪತ್ತು ತಿರುಗ್ಸಕ್ಕೆ ನಂಗೆ ಭಯ ಆಯ್ತದೆ. ಟ್ರ್ಯಾಕು ಗೋಡೆಯಂಗೆ ಎದ್ದಿರ್ತದೆ ಅಂತೀರಿ. ಅವಳ ಬೆನ್ನ ಹಿಂದೆ ನಂಗೆ ಭಯ ಆಗಲ್ಲ. ಅದ್ನೈದು ಆಕಿ. ಎದ್ದೇಳೋದು ಸುಲಭ ಆಯ್ತದೆ. ಕೊನೇಲಿ ತಿರುಗ್ಸೋದು ನಂಗೆ ಬುಡಿ."

"ಹೋದ್ ವರ್ಸ ಅದ್ರಲ್ಲೇ ಸೋತಿದ್ದು ಕಣವ್ವ."

"ಹೋದ್ ವರ್ಸ ನಂಗೆ ತಿರುಗ್ಸಕ್ ಬತ್ತಿರ್ನಿಲ್ಲ."

ಮರುದಿನ ಅತ್ತಿಗೆಯ ಮುಂದೆ ಅವಳು ಹೇಳಿದ ಸುಳ್ಳನ್ನು ನಾನು ಕಿವಿಯಾರೆ ಕೇಳಿದೆ. "ಅತ್ಗೆ, ಅದ್ನಾಲ್ಕಲ್ಲಿ ಎಬ್ಬಿಸ್ವಾಗ ನನ್ ಸೊಂಟ ಹಿಡ್ಕತದೆ. ನನ್ನಿಂದ ಆಗಲ್ಲ. ಅದ್ನೈದೇ ಆಕ್ಕಳವಾ?" ಸುಜಾತ ಅವಳನ್ನೇ ಒಂದು ಕ್ಷಣ ನೋಡಿದಳು. "ನಿಂಗಾಗಲ್ಲ ಅಂದ್ರೆ ಬುಡು, ಅದ್ನೈದೇ ಇರ್ಲಿ," ಎಂದಳು.

ಆಯ್ಕೆ ಪಂದ್ಯ ಹೊರರಾಜ್ಯದಲ್ಲಿ. ಮದ್ದೂರಿನಲ್ಲಿ ರೈಲು ಹತ್ತಿ ನಾವು ನಾಲ್ವರೂ ಹೊರಟೆವು. ಸೈಕಲ್ಲು ಲಗೇಜ್ ಬೋಗಿಯಲ್ಲಿ. (ಪ್ರತಿ ಸ್ಟೇಷನ್ನಿನಲ್ಲೂ ಮೇಷ್ಟ್ರು ಇಳಿದು ಹೋಗಿ ಅದನ್ನು ನೋಡಿಕೊಂಡು ಬರುತ್ತಿದ್ದರು.)

ವೆಲೊಡ್ರೋಮ್ ಅನ್ನು, ಅಂದರೆ ಸೈಕಲ್ ರೇಸಿನ ಟ್ರ್ಯಾಕನ್ನು, ನಾನು ನೋಡಿದ್ದು ಅದೇ ಮೊದಲ ಸಲ. ಟಿ.ವಿ.ಯಲ್ಲಿ ಅದು ರಸ್ತೆಯಂತೆ ಕಾಣುತ್ತದೆ. ತಿರುವಿನಲ್ಲಿ ನಿಂತು ನೋಡಿದರೆ ಅದು ಕಾಂಕ್ರೀಟಿನ ಬಾಣಲೆ. ನಾನು ನಡೆದು ಹತ್ತಲು ಹೋಗಿ ಜಾರಿದೆ. ಕೈಯೂರಿ ಎದ್ದೆ. ಬ್ರೇಕಿಲ್ಲದ ಸೈಕಲ್ಲಿನಲ್ಲಿ ಆ ಗೋಡೆಯ ಮೇಲೆ ಓಡಬೇಕು. ಅವರಿಗೆ ಮೂರು ಸುತ್ತು, ಒಂದು ಕಿಲೋಮೀಟರು. ಗಡಿಯಾರವೇ ಎದುರಾಳಿ. ಹತ್ತು ಜೋಡಿಗಳಲ್ಲಿ ಕಡಿಮೆ ಸಮಯ ತೆಗೆದುಕೊಂಡ ಎರಡಕ್ಕೆ ಮಾತ್ರ ಜಾಗ.

ಎಂಟು ಜೋಡಿ ಓಡಿಯಾಗಿತ್ತು. ಬಹುತೇಕರು ಭಾರದ ಗೇರಿನವರು. ಎದ್ದೇಳುವಾಗ ಒದ್ದಾಡಿ, ಆಮೇಲೆ ಗುಂಡಿನಂತೆ ಹೋದರು. ಒಂಬತ್ತನೆಯದು ನಮ್ಮವರದು. ಸುಜಾತ ಕೂತಳು. ನಾಗವೇಣಿ ಅವಳ ಹೆಗಲು ಹಿಡಿದು ಹಿಂದೆ ಹತ್ತಿ ಕೂತು, ಶೂಗಳನ್ನು ಪೆಡಲಿಗೆ ಕಚ್ಚಿಸಿದಳು. ಒಬ್ಬ ಸಿಬ್ಬಂದಿ ಸೈಕಲ್ಲನ್ನು ನೆಟ್ಟಗೆ ಹಿಡಿದು ನಿಂತ. ಶಿಳ್ಳೆಯಾಯಿತು.

ಹದಿನೈದು ಹಲ್ಲು ಚಂಗನೆ ಎದ್ದಿತು. ಮೊದಲ ಸುತ್ತಿನಲ್ಲಿ ಇವರದೇ ಎಲ್ಲರಿಗಿಂತ ಕಡಿಮೆ ಸಮಯ. ಎರಡನೆಯ ಸುತ್ತಿನಲ್ಲಿ ವೇಗ ಏರಿತು. ತಿರುವಿನ ಗೋಡೆಯ ಮೇಲೆ ಅವರು ಮಲಗಿಕೊಂಡೇ ಹೋದಂತೆ ಕಂಡಿತು. ಆಚೀಚೆಯವರು ಕೂಗುತ್ತಿದ್ದರು.

ಮೂರನೆಯ ಸುತ್ತು. ದೂರದ ತಿರುವಿನಲ್ಲಿ ಸುಜಾತಳ ಹೆಗಲು ಒಂದು ಸಲ ತೂಗಿತು. ಮತ್ತೊಂದು ಸಲ. ತಲೆ ಕೆಳಗಾಯಿತು. "ಓಯ್ತು," ಎಂದರು ಮೇಷ್ಟ್ರು, ತಮ್ಮಷ್ಟಕ್ಕೆ. ಹಿಂದಿನ ವರ್ಷ ಇಲ್ಲೇ, ಇದೇ ಜಾಗದಲ್ಲೇ ಮುಗಿದಿತ್ತು. ನಾನು ಕಾಲುಗಳನ್ನು ನೋಡಿದೆ. ಕಾಲುಗಳು ನಿಧಾನವಾಗುವುದನ್ನು ಕಾಯುತ್ತ ನೋಡಿದೆ.

ಆಗಲಿಲ್ಲ. ನಾಲ್ಕೂ ಕಾಲುಗಳು ಅದೇ ವೇಗದಲ್ಲಿ, ಒಂದು ಸೆಕೆಂಡಿಗೆ ಎರಡು ಸುತ್ತು, ಕೊನೆಯ ಗೆರೆಯವರೆಗೂ ತಿರುಗಿದವು. ಮುಂದೆ ಕೂತವಳ ತಲೆ ಎದೆಗೆ ಬಿದ್ದಿತ್ತು. ಹಿಂದೆ ಕೂತವಳ ಮುಖ ನೆಟ್ಟಗಿತ್ತು, ಅವಳ ತುಟಿಗಳು ಏನನ್ನೋ ಎಣಿಸುತ್ತಿದ್ದವು.

ಬ್ರೇಕಿಲ್ಲದ ಸೈಕಲ್ಲು ನಿಲ್ಲಲು ಇನ್ನೂ ಎರಡು ಸುತ್ತು ಬೇಕಾಯಿತು. ಕೊನೆಯ ಜೋಡಿಯೂ ಓಡಿ ಮುಗಿಯುವ ತನಕ ಮೇಷ್ಟ್ರು ಸ್ಟಾಪ್‌ವಾಚನ್ನು ಮುಷ್ಟಿಯಲ್ಲೇ ಹಿಡಿದಿದ್ದರು. ಬೋರ್ಡಿನಲ್ಲಿ ಹೆಸರು ಬಂತು. ಎರಡನೆಯ ಸ್ಥಾನ. ಮೂರನೆಯವರಿಗಿಂತ ಕಣ್ಣು ಮಿಟುಕಿಸುವಷ್ಟು ಮುಂದೆ. ಮೇಷ್ಟ್ರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದರು.

ಸುಜಾತ ಹುಲ್ಲಿನ ಮೇಲೆ ಅಂಗಾತ ಮಲಗಿದ್ದಳು. ನೀರು ಕೊಡಲು ಹೋದೆ. ನಾಗವೇಣಿ ಪಕ್ಕದಲ್ಲಿ ಕೂತು ಅವಳ ಮೀನಖಂಡ ಉಜ್ಜುತ್ತಿದ್ದಳು.

"ಕೊನೇ ಸುತ್ತಲ್ಲಿ ನಾನು ತುಳೀನಿಲ್ಲ ಸಾ," ಎಂದಳು ಸುಜಾತ, ಆಕಾಶ ನೋಡುತ್ತ. "ಆಗ್ನಿಲ್ಲ. ತೊಡೆ ಸತ್ತೋಯ್ತು. ಆದ್ರೂ ಕಾಲು ಅದ್ರ ಪಾಡಿಗೆ ಅದು ತಿರುಗ್ತಾ ಅದೆ. ನಂದೇ ಕಾಲು, ನಾನಲ್ಲ ತಿರುಗಿಸ್ತಿರೋದು. ಇವಳು. ನನ್ನೂ ಸೈಕಲ್ಲೂ ಎರಡ್ನೂ ಇವಳೇ ಎಳ್ಕಂಡು ಬಂದ್ಲು. ನಾನು ಬರೀ ಹ್ಯಾಂಡ್ಲು ಹಿಡ್ಕಂಡಿದ್ದೆ." ನನ್ನ ಕೈಯಿಂದ ನೀರು ತೆಗೆದುಕೊಂಡು ಸೇರಿಸಿದಳು. "ಇವಳ ಸೊಂಟ ಯಾವತ್ತೂ ಹಿಡ್ಕಂಡಿಲ್ಲ ಸಾ. ನಂಗೊತ್ತಿಲ್ವಾ?"

ನಾಗವೇಣಿ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಅಲ್ಲಾಡ್ದೆ ಹ್ಯಾಂಡ್ಲು ಹಿಡ್ಕಂಡಿದ್ಯಲ್ಲ ಅತ್ಗೆ, ಅದ್ಯಾರ್ ಕೈಲಾಯ್ತದೆ," ಎಂದಳು.

ವಾಪಸ್ಸು ಬರುವಾಗ ರೈಲಿನಲ್ಲಿ ಅವಳನ್ನು ಕೇಳಿದೆ. "ಅತ್ತಿಗೆ ತುಳಿಯೋದು ನಿಲ್ಲಿಸಿದ್ದು ಯಾವಾಗ ಗೊತ್ತಾಯ್ತು?"

"ಆಗ್ಲೇ. ಭಾರ ಬಂತಲ್ಲ ಕಾಲಿಗೆ."

"ತುಳಿ ಅಂತ ಕೂಗಬಹುದಿತ್ತಲ್ಲ?"

ನನ್ನ ದಡ್ಡತನಕ್ಕೆ ಅವಳು ನಗಲಿಲ್ಲ. ಯೋಚಿಸಿ ಹೇಳಿದಳು. "ಆಗ್ದೆ ಇರೋರಿಗೆ ತುಳಿ ತುಳಿ ಅಂದ್ರೆ ಇನ್ನೂ ಭಾರ ಆಯ್ತದೆ ಸಾ. ಅದ್ಕೆ ಸುಮ್ಕಿದ್ದೆ. ಸುಮ್ನೆ ಎಣಿಸ್ಕಂಡು ತಿರುಗಿಸ್ದೆ."

ಸುಮ್ಮನೆ, ಎನ್ನುತ್ತಾಳೆ. ಎದುರು ಸೀಟಿನಲ್ಲಿ ಸುಜಾತ ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋಗಿದ್ದಳು. ನನ್ನ ಐವತ್ತೊಂದು ವರ್ಷಗಳಲ್ಲಿ ನಾನೇ ತುಳಿದು ದಾಟಿದೆ ಎಂದುಕೊಂಡಿದ್ದ ಏರುಗಳು ಒಂದೊಂದಾಗಿ ನೆನಪಾಗುತ್ತಿದ್ದವು. ಅಪ್ಪ ತೀರಿಕೊಂಡ ವರ್ಷ. ಕೆಲಸ ಕಾಯಂ ಆಗದೆ ಅಲೆದ ವರ್ಷಗಳು. ಅವುಗಳಲ್ಲಿ ಎಷ್ಟನ್ನು ನಿಜಕ್ಕೂ ನಾನು ತುಳಿದಿದ್ದೆ?

ನಿಮ್ಮ ಕಾಲು ಸೋತ ಸುತ್ತಿನಲ್ಲಿ ಒಂದು ಮಾತೂ ಆಡದೆ ಪೆಡಲ್ ತಿರುಗಿಸಿದವರು ಯಾರು ಎಂದು, ನೀವು ಯಾವತ್ತಾದರೂ ತಿರುಗಿ ನೋಡಿದ್ದೀರಾ?